ಒತ್ತಕ್ಷರ ಬಿಡುವ ಹುಡುಗ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಹೊಸನಗರ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಎರಡನೇ ತರಗತಿಯ ಹುಡುಗ. "ಬಾಯಿಪಾಠ ಚೆನ್ನಾಗಿ ಒಪ್ಪಿಸುತ್ತಾನೆ ಮೇಡಂ, ಬರೆಯಲು ಕೂರಿಸಿದರೆ ಬರೀ ತಪ್ಪು" ಎಂದರು ಸಲಹೆ ಕೇಳಲು ಅವನನ್ನು ನನ್ನ ಬಳಿ ಕರೆತಂದ ತಾಯಿ. ತಪ್ಪಾದ ಪದವನ್ನು ತಂದೆ ಪ್ರತಿ ರಾತ್ರಿ ಪುಟ ತುಂಬ ಬರೆಸುತ್ತಿದ್ದರು. ಈಗ ಪುಸ್ತಕ ತೆಗೆದರೆ ಸಾಕು, ಹುಡುಗನಿಗೆ ಹೊಟ್ಟೆನೋವು. ಇದು ಡಿಸ್ಲೆಕ್ಸಿಯಾ (ಓದು-ಬರಹಕ್ಕೆ ತೊಡಕಾಗುವ ಕಲಿಕಾ ನ್ಯೂನತೆ) ಇರಬಹುದೆಂದು ಪರಿಚಯದವರೊಬ್ಬರು ಹೇಳಿದ ಮೇಲೆ ಮನೆಯವರಿಗೆ ನಿದ್ದೆಯಿಲ್ಲ.

ನಾನು ಮೊದಲು ನೋಟ್‌ಬುಕ್ ತೆರೆದೆ. ಅಜ್ಜಿ 'ಅಜಿ' ಆಗಿತ್ತು, ಕಲ್ಲು 'ಕಲು', ಬಾಳೆ 'ಬಳೆ', ಧನ 'ದನ'. ಆದರೆ ಅಡಿಕೆ, ಮಳೆ, ಕೊಡೆ ಎಲ್ಲಿಯೂ ತಪ್ಪಿರಲಿಲ್ಲ. ತಂದೆಗೆ ಕಂಡದ್ದು ಅಲಕ್ಷ್ಯ. ನನಗೆ ಕಂಡದ್ದು ಕಲಿಕೆಯ ಕ್ರಮ. ಮೂಲಾಕ್ಷರ ಗಟ್ಟಿಯಾಗಿದೆ, ಹ್ರಸ್ವದ ಗುಣಿತ ಕೂತಿದೆ, ದೀರ್ಘ ಇನ್ನೂ ತಡವರಿಸುತ್ತಿದೆ, ಒತ್ತು ಬಂದಿಲ್ಲ. ಮಹಾಪ್ರಾಣವಂತೂ ಮನೆಯ ಮಾತಿನಲ್ಲಿ ಕಿವಿಗೆ ಬೀಳುವುದೇ ಕಡಿಮೆ, ಕೇಳಿದಂತೆ ಬರೆದಿದ್ದಾನೆ. 34 ವ್ಯಂಜನಗಳ ಕಾಗುಣಿತವೇ 400 ದಾಟುತ್ತದೆ, ಒತ್ತಕ್ಷರ ಬೇರೆ. ಇಷ್ಟು ರೂಪಗಳು ಕೈಗೆ ಹತ್ತಲು ಅನೇಕ ಮಕ್ಕಳಿಗೆ ನಾಲ್ಕನೇ ತರಗತಿಯವರೆಗೂ ಸಮಯ ಬೇಕಾಗುತ್ತದೆ.

'ಅಡಿಕೆ'ಯಲ್ಲಿ ಮೊದಲ ಅಕ್ಷರ ಬಿಟ್ಟು ಹೇಳು ಎಂದೆ. "ಡಿಕೆ" ಎಂದ, ತಡವಿಲ್ಲದೆ. ನುಡಿಯ ಸದ್ದನ್ನು ಬಿಡಿಸಿ ನೋಡುವ ಶಕ್ತಿ ಚೆನ್ನಾಗಿದೆ. ಆದರೆ ಪಾಠದ ಚಿತ್ರವನ್ನು ಕೈಯಿಂದ ಮುಚ್ಚಿದಾಗ ಓದು ನಿಂತುಹೋಯಿತು. ಅಷ್ಟು ದಿನ ಎಲ್ಲರೂ ಓದು ಎಂದುಕೊಂಡದ್ದು ನೆನಪಿನ ಒಪ್ಪಿಸುವಿಕೆ.

ಇನ್ನೊಂದು ತೊಡಕು ಮನೆಯಲ್ಲಿತ್ತು. ಸರ್ಕಾರಿ ಶಾಲೆಯ ಆರಂಭದ ತರಗತಿಗಳಲ್ಲಿ ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ರ, ಗ, ಸ, ದ, ಅ ಎಂದು ಆರಂಭಿಸಿದರೆ ಅಜ್ಜಿ ಸಂಜೆ ಅ, ಆ, ಇ, ಈ ಹಿಡಿದು "ಶಾಲೆಯಲ್ಲಿ ಕಲಿಸಿದ್ದೇ ಸರಿಯಿಲ್ಲ" ಎನ್ನುತ್ತಿದ್ದರಂತೆ. ಆ ಐದು ಅಕ್ಷರ ಬಂದ ಕೂಡಲೇ ಮಗು ಸರ, ಅರಸ, ಗರಗಸ ಓದಬಲ್ಲದು. ಆ ಕ್ರಮದ ಉದ್ದೇಶವೇ ಅದು ಎಂದು ವಿವರಿಸಿದೆ. ಅಜ್ಜಿಯನ್ನು ದೂರ ಇಡುವುದು ಬೇಡ, ಅವರ ಬಳಿ ಕಥೆಗಳಿವೆ. ಅಜ್ಜಿ ಹೇಳಿದ ಕಥೆಯಿಂದ ಹುಡುಗ ಒಂದೆರಡು ವಾಕ್ಯ ಹೇಳಲಿ, ತಾಯಿ ಅದನ್ನು ಹಾಗೆಯೇ ಬರೆಯಲಿ, ಅವನು ಬೆರಳಿಟ್ಟು ಓದಲಿ. ಚಿತ್ರವಿಲ್ಲದ, ಆದರೆ ಅವನದೇ ಮಾತಿರುವ ಪುಟ ಅದು.

ತಂದೆಗೆ ನೇರವಾಗಿಯೇ ಹೇಳಿದೆ: ಪುಟ ತುಂಬ ಬರೆಸುವುದನ್ನು ಇಂದೇ ನಿಲ್ಲಿಸಿ. ಹತ್ತನೇ ಸಾಲಿಗೆ ಕೈ ಮಾತ್ರ ಓಡುತ್ತದೆ, ಕಣ್ಣು ಪದವನ್ನು ನೋಡುವುದಿಲ್ಲ. ಬದಲಿಗೆ ಕಾಲು-ಕಲ್ಲು, ಹಾಲು-ಹಲ್ಲು, ಬಳೆ-ಬಾಳೆ ಎಂದು ಜೋಡಿಯಾಗಿ ಹೇಳಿಸಿ, ವ್ಯತ್ಯಾಸ ಕಿವಿಗೆ ಬಿದ್ದ ಮೇಲೆ ಬರೆಸಿ. ಕಾಲು ಗಂಟೆ ಸಾಕು. ಈಗ ಒತ್ತು ಮಾತ್ರ ತಿದ್ದಿ. ಮಹಾಪ್ರಾಣ ಮುಂದಿನ ವರ್ಷಕ್ಕಿರಲಿ. ಕಣ್ಣು, ಕಿವಿ ಎರಡನ್ನೂ ಒಮ್ಮೆ ವೈದ್ಯರಿಂದ ಪರೀಕ್ಷೆ ಮಾಡಿಸಿ, ಶಾಲೆಯ ಮೇಡಂ ಜೊತೆ ಮಾತನಾಡಿ. ಇಷ್ಟಾದರೂ ಮೂರನೇ ತರಗತಿಯಲ್ಲಿ ಸರಳ ಪದಗಳೇ ತೊಡಕಾದರೆ ಆಗ ಕಲಿಕಾ ನ್ಯೂನತೆಯ ಪರೀಕ್ಷೆ ಮಾಡಿಸೋಣ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅದಕ್ಕೂ ಸ್ಥಾನವಿದೆ. ಈಗಲೇ ಹಣೆಪಟ್ಟಿ ಹಚ್ಚುವುದು ಅನ್ಯಾಯ.

ದೀಪಾವಳಿ ಕಳೆದು ಮತ್ತೆ ಬಂದರು. ಹೊಟ್ಟೆನೋವು ಹೋಗಿದೆ. ಅಜ್ಜಿ, ಕಲ್ಲು ಸರಿಯಾಗಿವೆ; ಆದರೆ ಹಾಲು 'ಹಾಲ್ಲು' ಆಗಿದೆ ಎಂದು ತಂದೆ ಕಳವಳದಿಂದ ತೋರಿಸಿದರು. ನನಗೆ ಸಂತೋಷವಾಯಿತು. ಒತ್ತು ಹಿಡಿದ ಮಗು ಅದನ್ನು ಎಲ್ಲ ಕಡೆ ಹಚ್ಚಿ ನೋಡುವುದು ಸಹಜ. ತಪ್ಪೆಂದು ಗೆರೆ ಎಳೆಯಬೇಡಿ, ಬರೆದದ್ದನ್ನು ಅವನಿಂದಲೇ ಗಟ್ಟಿಯಾಗಿ ಓದಿಸಿ ಎಂದು ಹೇಳಿ ಕಳಿಸಿದೆ.