ಆ ಫೈಲಿನಲ್ಲಿ ಗಂಡನ ಒಂದು ರಿಪೋರ್ಟೂ ಇರಲಿಲ್ಲ

ಇಂಥ ಜೋಡಿಗಳು ಕೌನ್ಸೆಲಿಂಗ್‌ಗೆ ಅಂತ ನನ್ನ ಹತ್ತಿರ ಮತ್ತೆ ಮತ್ತೆ ಬರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಗುರುತು ಸಿಗುವ ವಿವರಗಳನ್ನು ಬಿಟ್ಟಿದ್ದೇನೆ.

ಮದುವೆಯಾಗಿ ನಾಲ್ಕು ವರ್ಷ, ಮಕ್ಕಳಿಲ್ಲ. ಗಂಡನಿಗೆ 34, ಹೆಂಡತಿಗೆ 29. ಗಂಡನದು ಹೋಟೆಲಿನಲ್ಲಿ ದೋಸೆ ಹಾಕುವ ಕೆಲಸ, ದಿನಕ್ಕೆ ಏಳೆಂಟು ಗಂಟೆ ಒಲೆಯ ಮುಂದೆ. ಜೇಬಿನಲ್ಲಿ ಗುಟ್ಕಾ. ಆಕೆಗೆ ನಿದ್ದೆ ಬರುತ್ತಿಲ್ಲ, ಸುಮ್ನೆ ಅಳುತ್ತಾಳೆ ಅಂತ ಕರೆದುಕೊಂಡು ಬಂದಿದ್ದರು.

"ನನಗೇನೂ ತೊಂದರೆ ಇಲ್ಲ ಮೇಡಂ, ಇವಳಿಗೆ ಸ್ವಲ್ಪ ಧೈರ್ಯ ಹೇಳಿ" ಅಂದರು.

ಆಕೆ ಏನೂ ಮಾತಾಡಲಿಲ್ಲ. ಬ್ಯಾಗಿನಿಂದ ದಪ್ಪನೆಯ ಫೈಲ್ ತೆಗೆದು ಒಂದೊಂದೇ ಹಾಳೆ ತಿರುವಿದರು. ಥೈರಾಯ್ಡ್, ಸ್ಕ್ಯಾನಿಂಗ್, ಗರ್ಭನಾಳ ನೋಡುವ ಟ್ಯೂಬ್ ಟೆಸ್ಟ್, ಮತ್ತೆ ಸ್ಕ್ಯಾನಿಂಗ್. ಆಮೇಲೆ ಹೇಳಿದರು: "ಇದರಲ್ಲಿ ಇವರ ಹೆಸರು ಎಲ್ಲಿದೆ ನೋಡಿ ಮೇಡಂ. ನನ್ನ ಹೆಸರಿನ ಕೆಳಗೆ, ಗಂಡನ ಹೆಸರು ಅಂತ ಇರೋ ಜಾಗದಲ್ಲಿ ಮಾತ್ರ."

ಬಹಳ ಹೊತ್ತು ಸುಮ್ಮನಿದ್ದ ಅವರು ಕೊನೆಗೆ ತಲೆ ತಗ್ಗಿಸಿಕೊಂಡೇ ಅಂದರು: "ಟೆಸ್ಟಲ್ಲಿ ಏನಾದ್ರೂ ಕಮ್ಮಿ ಬಂದ್ರೆ ನಾನು ಗಂಡಸೇ ಅಲ್ಲ ಅಂತಾರಲ್ವಾ?"

ಅವರು ಅಷ್ಟು ದಿನ ಹೊತ್ತುಕೊಂಡಿದ್ದ ಭಯ ಇದೇ. ಗಂಡಸ್ತನಕ್ಕೂ ವೀರ್ಯಾಣುಗಳ ಲೆಕ್ಕಕ್ಕೂ ಸಂಬಂಧವೇ ಇಲ್ಲ. ಗಂಡ ಹೆಂಡತಿ ಸೇರುವುದರಲ್ಲಿ ಯಾವ ತೊಂದರೆಯೂ ಇಲ್ಲದವರಲ್ಲೂ ವೀರ್ಯಾಣು ಕಡಿಮೆ ಇರಬಹುದು. ಕಣ್ಣಿನ ಪವರ್ ನೋಡಿಸಿದ ಹಾಗೆ ಇದನ್ನೂ ನೋಡಿಸಿ ಅಂದೆ. ಎರಡರಿಂದ ಏಳು ದಿನ ವೀರ್ಯ ಹೊರಹೋಗದ ಹಾಗೆ ಇದ್ದು ಅದರ ಸ್ಯಾಂಪಲ್ ಕೊಡಬೇಕು, ಒಂದು ರಿಪೋರ್ಟ್ ಸರಿಯಿಲ್ಲದಿದ್ದರೆ ಮತ್ತೊಮ್ಮೆ ಮಾಡಿಸಬೇಕು, ಯಾಕಂದ್ರೆ ಜೋರು ಜ್ವರ ಬಂದು ಹೋಗಿದ್ದರೂ ಅದರ ಪರಿಣಾಮ ಎರಡು ಮೂರು ತಿಂಗಳು ಕಾಣಿಸುತ್ತದೆ.

ಇನ್ನೊಂದು ಹೇಳಿದ್ದು ಮೂರು ತಿಂಗಳ ಲೆಕ್ಕ. ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು, ಬಲಿತು ಹೊರಬರಲು ಇನ್ನೂ ಒಂದೆರಡು ವಾರ. ಹಾಗಾಗಿ ಇವತ್ತು ಗುಟ್ಕಾ, ಸಿಗರೇಟು, ಕುಡಿತ ಬಿಟ್ಟರೆ ಅದರ ಫಲ ಕಾಣುವುದು ಮೂರು ತಿಂಗಳ ಮೇಲೆ. ಮಗು ಬೇಕು ಅಂತ ಈಗಷ್ಟೇ ಯೋಚಿಸುತ್ತಿರುವ ಗಂಡಸರು ಇದನ್ನು ಮೊದಲೇ ಶುರು ಮಾಡಬೇಕು, ಹೆಂಡತಿ ಫೋಲಿಕ್ ಆಸಿಡ್ ಮಾತ್ರೆ ಶುರು ಮಾಡುವ ದಿನವೇ. ವೃಷಣಕ್ಕೆ ಮೈಗಿಂತ ಎರಡು ಮೂರು ಡಿಗ್ರಿ ಕಡಿಮೆ ಬಿಸಿ ಬೇಕು, ಅದಕ್ಕೇ ಅದು ಹೊರಗಿದೆ. ಕೆಲಸ ಬಿಡಿ ಅಂತ ನಾನು ಹೇಳಲಿಲ್ಲ, ಅದು ಅನ್ನದ ಪ್ರಶ್ನೆ. ನಡುನಡುವೆ ಒಲೆಯಿಂದ ಈಚೆ ಬನ್ನಿ, ಬಿಗಿ ಜೀನ್ಸ್ ಬಿಡಿ, ಶುಗರ್ ನೋಡಿಸಿ ಅಂದೆ. ಜಾಹೀರಾತಿನ ಶಕ್ತಿಮದ್ದು ಬೇಡವೇ ಬೇಡ. ಜಿಮ್‌ನಲ್ಲಿ ಚುಚ್ಚಿಸಿಕೊಳ್ಳುವ ಟೆಸ್ಟೋಸ್ಟಿರಾನ್ ಅಂತೂ ವೀರ್ಯಾಣು ತಯಾರಿಯನ್ನೇ ನಿಲ್ಲಿಸಿಬಿಡಬಹುದು, ಎಷ್ಟೋ ಹುಡುಗರಿಗೆ ಇದು ಗೊತ್ತೇ ಇಲ್ಲ.

ಇದು ಡಾಕ್ಟರ ಕೆಲಸ, ನೀವ್ಯಾಕೆ ಹೇಳಿದಿರಿ ಅಂತ ಒಬ್ಬರು ಸಹೋದ್ಯೋಗಿ ಕೇಳಿದರು. ಆ ಜೋಡಿಯನ್ನು ಡಾಕ್ಟರ ಹತ್ತಿರ ಕಳಿಸಿದ್ದೇ ನಾನು. ಆದರೆ ಆ ಹೆಂಗಸಿನ ಅಳುವಿಗೆ ಕಾರಣ ಆ ಫೈಲಿನಲ್ಲೇ ಇರುವಾಗ ಬರೀ ಧೈರ್ಯ ಹೇಳಿ ಕಳಿಸುವುದು ನನ್ನಿಂದ ಆಗುತ್ತಿರಲಿಲ್ಲ.

ಅವರಿಗೆ ಇನ್ನೂ ಮಗು ಆಗಿಲ್ಲ. ಗಂಡನ ಮೊದಲ ರಿಪೋರ್ಟಿನಲ್ಲಿ ವೀರ್ಯಾಣುಗಳ ಚಲನೆ ಕಡಿಮೆ ಇತ್ತು, ಮೂರು ತಿಂಗಳ ನಂತರದ್ದು ಸ್ವಲ್ಪ ಪರವಾಗಿಲ್ಲ. ಗುಟ್ಕಾ ಎರಡು ಸಲ ಹಾಕಿದೆ ಅಂತ ಅವರೇ ಒಪ್ಪಿಕೊಂಡರು. ಈ ಸಲ ಫೈಲ್ ಹಿಡಿದುಕೊಂಡು ಬಂದವರೂ ಅವರೇ.