ಚುಚ್ಚಿದ್ದು ಸೂಜಿ, ಭಯ ಮಾತ್ರ ಜಾಗಕ್ಕೆ

ಪ್ರಶ್ನೆ: ಪಶು ಚಿಕಿತ್ಸಾಲಯದಲ್ಲಿ ಒಮ್ಮೆ ಚುಚ್ಚುಮದ್ದು ಹಾಕಿಸಿಕೊಂಡ ನಮ್ಮ ನಾಯಿ, ಈಗ ಆ ಕಟ್ಟಡದ ಬಾಗಿಲು ಕಂಡರೆ ಸಾಕು, ಬಾಲ ಮುದುರಿಕೊಂಡು ನಿಂತಲ್ಲೇ ನಿಂತುಬಿಡುತ್ತದೆ. ನೋವು ಕೊಟ್ಟದ್ದು ಸೂಜಿಯಾದರೂ ಜಾಗಕ್ಕೆ ಹೆದರುವುದೇಕೆ?

ಉತ್ತರ: ಈ ಬಗ್ಗೆ ನಮಗಿರುವ ತಿಳಿವಳಿಕೆ ಬಹುಪಾಲು ಇಲಿಗಳ ಮೇಲಿನ ಪ್ರಯೋಗಗಳಿಂದ ಬಂದದ್ದು. ಇಲಿಯನ್ನು ಒಂದು ಪೆಟ್ಟಿಗೆಯೊಳಗೆ ಬಿಟ್ಟು, ಒಂದು ಶಬ್ದ ಕೇಳಿಸಿ, ಅದು ಮುಗಿಯುವ ಹೊತ್ತಿಗೆ ನೆಲದ ಸರಳುಗಳ ಮೂಲಕ ಪಾದಗಳಿಗೆ ಲಘುವಾದ ವಿದ್ಯುತ್ ಆಘಾತ ಕೊಟ್ಟರೆ, ಮರುದಿನ ಆ ಶಬ್ದ ಕೇಳಿದಾಗ ಮಾತ್ರವಲ್ಲ, ಯಾವ ಶಬ್ದವೂ ಇಲ್ಲದೆ ಅದೇ ಪೆಟ್ಟಿಗೆಯಲ್ಲಿ ಇಟ್ಟಾಗಲೂ, ಉಸಿರಾಟದ ಏರಿಳಿತವೊಂದನ್ನು ಬಿಟ್ಟರೆ ಮೀಸೆಯನ್ನೂ ಅಲುಗಿಸದೆ ಅದು ಸೆಟೆದು ಕೂರುತ್ತದೆ.

ನೋಡುವವರಿಗೆ ಎರಡೂ ಒಂದೇ ಭಯ, ಮಿದುಳಿಗೆ ಹಾಗಲ್ಲ. ಅಮಿಗ್ಡಲ ಎಂಬ ಬಾದಾಮಿಯಾಕಾರದ ಭಾಗಕ್ಕೆ ಹಾನಿಯಾದರೆ ಶಬ್ದದ ಭಯವೂ ಜಾಗದ ಭಯವೂ ಕುಂದುತ್ತವೆ. ಆದರೆ 1992ರಲ್ಲಿ ಕಿಮ್ ಮತ್ತು ಫ್ಯಾನ್ಸೆಲೋ ಪ್ರಕಟಿಸಿದ ಪ್ರಯೋಗದಲ್ಲಿ, ಕಲಿಕೆಯ ಮರುದಿನವೇ ಹಿಪ್ಪೊಕ್ಯಾಂಪಸ್ ಎಂಬ ಮಿದುಳಿನ ಇನ್ನೊಂದು ಭಾಗಕ್ಕೆ ಹಾನಿ ಮಾಡಿದ ಇಲಿಗಳು ಪೆಟ್ಟಿಗೆಯ ಭಯವನ್ನು ಕಳೆದುಕೊಂಡರೂ ಶಬ್ದದ ಭಯವನ್ನು ಉಳಿಸಿಕೊಂಡವು. 28 ದಿನ ಕಳೆದ ಮೇಲೆ ಹಾನಿ ಮಾಡಿದವುಗಳಲ್ಲಿ ಪೆಟ್ಟಿಗೆಯ ಭಯವೂ ಬಹುಮಟ್ಟಿಗೆ ಉಳಿದಿತ್ತು.

ಶಬ್ದ ಒಂಟಿಯಾದ ಸಂಗತಿ. ಜಾಗವೆಂದರೆ ವಾಸನೆ, ಬೆಳಕು, ನೆಲದ ಸ್ಪರ್ಶ, ಗೋಡೆಗಳ ಅಂತರ ಎಲ್ಲವೂ ಸೇರಿದ್ದು. ಇವನ್ನೆಲ್ಲ ಒಂದೇ ಚಿತ್ರವಾಗಿ ಹೆಣೆಯುವುದು ಹಿಪ್ಪೊಕ್ಯಾಂಪಸ್. ಆ ಚಿತ್ರಕ್ಕೆ ನೋವನ್ನು ಅಂಟಿಸುವುದು ಅಮಿಗ್ಡಲ. ಹೆಣೆಯುವುದಕ್ಕೆ ಸಮಯ ಬೇಕು ಎಂಬುದಕ್ಕೆ ನನಗೆ ತುಂಬ ಇಷ್ಟವಾದ ಸಾಕ್ಷ್ಯವೊಂದಿದೆ. ಪೆಟ್ಟಿಗೆಯೊಳಗೆ ಇಟ್ಟ ಕ್ಷಣದಲ್ಲೇ ಆಘಾತ ಕೊಟ್ಟು ಹೊರತೆಗೆದರೆ ಇಲಿ ಆ ಪೆಟ್ಟಿಗೆಗೆ ಹೆದರುವುದನ್ನು ಕಲಿಯುವುದೇ ಇಲ್ಲವೆನ್ನಬಹುದು. ಹಿಂದಿನ ದಿನ ಕೆಲವು ನಿಮಿಷ ಅಲ್ಲಿ ಮೂಸುತ್ತ ತಿರುಗಾಡಲು ಬಿಟ್ಟಿದ್ದರೆ ಮಾತ್ರ ಅಷ್ಟರಲ್ಲೇ ಕಲಿತುಬಿಡುತ್ತದೆ. ನಿಮ್ಮ ನಾಯಿಯ ಮಿದುಳನ್ನು ಯಾರೂ ಪರೀಕ್ಷಿಸಿಲ್ಲ, ನಿಜ; ಆದರೂ ಸರದಿಗಾಗಿ ಕಾಯುತ್ತ ನೆಲ ಮೂಸಿದ ಹೊತ್ತಿನಲ್ಲೇ ಅದು ಆ ಜಾಗದ ಚಿತ್ರವನ್ನು ಸಿದ್ಧಮಾಡಿಕೊಂಡಿತ್ತು ಎಂದು ಊಹಿಸಬಹುದು.

ಚುಚ್ಚುಮದ್ದಿಲ್ಲದ ದಿನಗಳಲ್ಲಿಯೂ ಅದನ್ನು ಅಲ್ಲಿಗೆ ಕರೆದೊಯ್ದು, ಬಲವಂತ ಮಾಡದೆ, ಸ್ವಲ್ಪ ಹೊತ್ತು ಇದ್ದು ಮರಳಿದರೆ ಭಯ ಕ್ರಮೇಣ ತಗ್ಗಬಹುದು. ಆಗಲೂ ಹಳೆಯ ನೆನಪು ಅಳಿಸಿಹೋಗಿರುವುದಿಲ್ಲ. ಇಲ್ಲಿ ಅಪಾಯವಿಲ್ಲವೆಂಬ ಹೊಸ ಕಲಿಕೆ ಮಿದುಳಿನ ಮುಂಭಾಗದ ಹೊರಪದರದ ನೆರವಿನಿಂದ ಅಮಿಗ್ಡಲವನ್ನು ಹತೋಟಿಯಲ್ಲಿಡುತ್ತದೆ, ಅಷ್ಟೆ. ಹಾಗಾಗಿ ಬಹುಕಾಲ ಬಿಟ್ಟು ಹೋದಾಗ ನಾಯಿ ಮತ್ತೆ ಬಾಗಿಲಲ್ಲೇ ನಿಂತುಬಿಟ್ಟರೆ ಬೈಯಬೇಡಿ.