ಹಾಲು ಒಗ್ಗದ ಮಗುವಿಗೆ ಮೊಟ್ಟೆ, ಶೇಂಗಾ ಯಾವಾಗ?

ಪ್ರಶ್ನೆ: ಮಗನಿಗೆ ಏಳು ತಿಂಗಳು. ಐದನೇ ತಿಂಗಳಲ್ಲಿ ಮೊದಲ ಸಲ ಡಬ್ಬಿ ಹಾಲು ಕುಡಿಸಿದಾಗ ಹತ್ತೇ ನಿಮಿಷಕ್ಕೆ ಮೈತುಂಬ ದದ್ದು ಎದ್ದಿತು. ಹಸುವಿನ ಹಾಲಿನ ಅಲರ್ಜಿ ಎಂದು ಪರೀಕ್ಷೆಯಲ್ಲಿ ಗೊತ್ತಾಯಿತು. ಮೈಮೇಲೆ ಇಸುಬೂ ಇದೆ. ಎದೆಹಾಲಿನ ಜೊತೆ ಗಂಜಿ, ಹಣ್ಣು ಬಿಟ್ಟು ಬೇರೇನೂ ಕೊಟ್ಟಿಲ್ಲ. ಮೊಟ್ಟೆ, ಶೇಂಗಾ ತಡಮಾಡಬೇಡಿ ಎನ್ನುತ್ತಾರೆ ವೈದ್ಯರು. ವರ್ಷ ತುಂಬುವವರೆಗೆ ಮುಟ್ಟಿಸಲೇಬೇಡ ಎನ್ನುತ್ತಾರೆ ಅತ್ತೆ. ಹೆಚ್ಚುಕಡಿಮೆಯಾದರೆ ಎಲ್ಲ ನನ್ನ ತಲೆಗೇ ಬರುತ್ತದೆ. ಏನು ಮಾಡಲಿ?

ಉತ್ತರ: ವೈದ್ಯರ ಮಾತು ಕೇಳಿ. ಹಾಗಂತ ಅತ್ತೆಗೆ ಏನೂ ತಿಳಿಯದು ಎಂದುಕೊಳ್ಳಬೇಡಿ. ಅಲರ್ಜಿಯ ಅಪಾಯವಿರುವ ಮಕ್ಕಳಿಗೆ ಎರಡು ವರ್ಷದವರೆಗೆ ಮೊಟ್ಟೆ, ಮೂರರವರೆಗೆ ಶೇಂಗಾ ಬೇಡ ಎಂದು 2000ದಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ ಹೇಳಿತ್ತು. 2008ರಲ್ಲಿ ಆ ಸಲಹೆ ಕೈಬಿಟ್ಟಿತು. 2015ರಲ್ಲಿ ಪ್ರಕಟವಾದ, ಶೇಂಗಾ ಅಲರ್ಜಿ ಕುರಿತ ಲೀಪ್ ಎಂಬ ಅಧ್ಯಯನದಲ್ಲಂತೂ ತೀವ್ರ ಇಸುಬು ಅಥವಾ ಮೊಟ್ಟೆ ಅಲರ್ಜಿಯಿದ್ದ ಶಿಶುಗಳ ಪೈಕಿ, ಹನ್ನೊಂದು ತಿಂಗಳೊಳಗೆ ಶೇಂಗಾ ಶುರುಮಾಡಿ ಬಿಡದೆ ತಿಂದವರಲ್ಲಿ ಶೇಂಗಾ ಅಲರ್ಜಿ ತೀರಾ ಕಡಿಮೆ ಕಂಡಿತು. ಬಿರಿದ ಚರ್ಮದ ಮೂಲಕ ಒಳಹೊಕ್ಕ ಆಹಾರದ ಕಣವನ್ನು ದೇಹ ಶತ್ರುವೆಂದು ಗುರುತಿಟ್ಟುಕೊಳ್ಳುತ್ತದೆ, ಹೊಟ್ಟೆಯ ದಾರಿಯಲ್ಲಿ ಬಂದದ್ದಕ್ಕೆ ಒಗ್ಗಿಕೊಳ್ಳುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ. ಅದಕ್ಕೇ ಮೊದಲು ಇಸುಬು ಹತೋಟಿಗೆ ಬರಲಿ. 'ಕೆನ್ನೆಗೆ ಸವರಿ ನೋಡೋಣ' ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಹಾಲಿಗೆ ತಕ್ಷಣವೇ ದದ್ದು ಎದ್ದಿರುವುದರಿಂದ, ಚರ್ಮದ ಪರೀಕ್ಷೆ ಬೇಕೇ, ಮೊದಲ ಚಮಚ ಮನೆಯಲ್ಲೋ ಆಸ್ಪತ್ರೆಯಲ್ಲೋ ಎಂದು ವೈದ್ಯರನ್ನು ಈ ವಾರವೇ ಕೇಳಿ. ಮನೆಯಲ್ಲೇ ಎಂದರೆ, ಮಗು ಗೆಲುವಾಗಿರುವ ದಿನ ಬೆಳಿಗ್ಗೆ ಶುರುಮಾಡಿ. ಜ್ವರ ಇದ್ದಾಗ, ಲಸಿಕೆ ಹಾಕಿಸಿದ ದಿನ, ಮಲಗುವ ಮುಂಚೆ ಬೇಡ. ಮೊಟ್ಟೆಯನ್ನು ಹತ್ತು ನಿಮಿಷ ಗಟ್ಟಿಯಾಗಿ ಬೇಯಿಸಿ, ಬಿಳಿ, ಹಳದಿ ಎರಡನ್ನೂ ನುಣ್ಣಗೆ ಹಿಸುಕಿ, ಅವನಿಗೆ ಆಗಲೇ ಒಗ್ಗಿರುವ ಗಂಜಿಯಲ್ಲಿ ಕಾಲು ಟೀ ಚಮಚ ಬೆರೆಸಿ. ಅರೆಬೆಂದ ಮೊಟ್ಟೆ ಕೊಡಬೇಡಿ, ಅದು ಹೆಚ್ಚು ತೀವ್ರವಾಗಿ ಕೆರಳಿಸಬಲ್ಲದು. ಎರಡು ಗಂಟೆ ಗಮನವಿಡಿ. ಏನೂ ಆಗದಿದ್ದರೆ ಮುಂದಿನ ದಿನಗಳಲ್ಲಿ ಅರ್ಧ, ಒಂದು, ಎರಡು ಚಮಚ ಹೀಗೆ ಏರಿಸಿ. ಮೊಟ್ಟೆ ಒಗ್ಗಿದ ಮೇಲಷ್ಟೇ ಶೇಂಗಾ: ಕಾಲು ಚಮಚ ನುಣುಪು ಪೀನಟ್ ಬಟರನ್ನು ಬಿಸಿನೀರಲ್ಲಿ ತೆಳ್ಳಗೆ ಕದಡಿ, ಆರಿಸಿ ಕೊಡಿ. ಗಟ್ಟಿ ಮುದ್ದೆ ಗಂಟಲಿಗೆ ಅಂಟುತ್ತದೆ; ಇಡೀ ಬೀಜ ಐದು ವರ್ಷದವರೆಗೆ ಬೇಡ. ಒಗ್ಗಿದ ಮೇಲೆ ನಿಲ್ಲಿಸಬೇಡಿ. ವಾರಕ್ಕೆ ಮೂರು ಸಲ, ಸಲಕ್ಕೆ ಎರಡು ಚಮಚದಷ್ಟು ಶೇಂಗಾ ಹೋಗುತ್ತಿರಲಿ. ಒಂದು ಸಲ ತಿನ್ನಿಸಿ ತಿಂಗಳುಗಟ್ಟಲೆ ಮರೆತುಬಿಡುವ ಮನೆಗಳೂ ಇವೆ.

ಬಾಯಿಯ ಸುತ್ತ ಮಾತ್ರ ಕೆಂಪಾದರೆ ಅದು ಹಲವು ಸಲ ಜೊಲ್ಲಿಗೋ ಹುಳಿ ಹಣ್ಣಿಗೋ ಆದ ಉರಿ. ತಿನ್ನಿಸುವ ಮೊದಲು ವ್ಯಾಸಲೀನ್ ಸವರಿ. ದೂರದ ಭಾಗದಲ್ಲೂ ದದ್ದು ಎದ್ದರೆ, ತುಟಿ ಊದಿದರೆ ಆ ಆಹಾರ ನಿಲ್ಲಿಸಿ ವೈದ್ಯರಿಗೆ ಹೇಳಿ. ಉಸಿರಿಗೆ ಕಷ್ಟ, ನಿಲ್ಲದ ಕೆಮ್ಮು, ಮೈ ಜೋಲುಬೀಳುವುದು ಕಂಡರೆ ಆಂಬುಲೆನ್ಸ್ ಕರೆಸಿ. ಮಗುವನ್ನು ಎತ್ತಿ ಓಡಾಡಿಸದೆ ಮಲಗಿಸಿಡಿ. ಅಂಥ ಹೊತ್ತಿನಲ್ಲಿ ಕೆಲಸ ಮಾಡುವುದು ಅಡ್ರಿನಲಿನ್ ಚುಚ್ಚುಮದ್ದು, ಅಲರ್ಜಿ ಸಿರಪ್ ಅಲ್ಲ. ಅಲರ್ಜಿಯ ಇನ್ನೊಂದು ಬಗೆಯೂ ಇದೆ: ದದ್ದೇ ಇಲ್ಲದೆ, ಒಂದರಿಂದ ನಾಲ್ಕು ಗಂಟೆ ಬಿಟ್ಟು ಮತ್ತೆ ಮತ್ತೆ ವಾಂತಿ, ಮಗು ಬಿಳಿಚಿ ಸೋತುಹೋಗುವುದು. ಅದನ್ನು ಹೊಟ್ಟೆ ಕೆಟ್ಟಿದೆ ಎಂದು ತಳ್ಳಿಹಾಕದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಹಾಲಿನ ವಿಷಯ ಬೇರೆ, ಅದು ಈಗ ಪೂರ್ತಿ ಬಂದ್. ಮೇಕೆ ಹಾಲೂ ಆಗದು, ಪ್ರೋಟೀನು ಹೆಚ್ಚುಕಡಿಮೆ ಒಂದೇ. 'ಲ್ಯಾಕ್ಟೋಸ್ ಇಲ್ಲ' ಎಂಬ ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಮಾತ್ರ ಇರುವುದಿಲ್ಲ, ಅಲರ್ಜಿ ತರುವ ಪ್ರೋಟೀನು ಹಾಗೇ ಇರುತ್ತದೆ. ಬಿಸ್ಕತ್ತು, ಶಿಶು ಆಹಾರದ ಪೊಟ್ಟಣದ ಮೇಲೆ ವೇ, ಕೇಸಿನ್ ಎಂದಿದೆಯೇ ನೋಡಿ, ಎರಡೂ ಹಾಲಿನ ಪ್ರೋಟೀನುಗಳೇ. ಹಾಲನ್ನು ಮತ್ತೆ ಕೊಟ್ಟುನೋಡುವುದನ್ನು ವೈದ್ಯರಿಗೇ ಬಿಡಿ.

ಮೊದಲ ಚಮಚದ ದಿನ ಅತ್ತೆಯೂ ಪಕ್ಕದಲ್ಲಿರಲಿ. ನೀವು ತಿನ್ನಿಸಿ, ಅವರು ಗಡಿಯಾರ ನೋಡಿ ಹೊತ್ತು ಬರೆದುಕೊಳ್ಳಲಿ. ಅದಕ್ಕೂ ಮುಂಚೆ ನಿಮ್ಮವರನ್ನೂ ಅತ್ತೆಯನ್ನೂ ವೈದ್ಯರ ಬಳಿ ಒಮ್ಮೆ ಕರೆದೊಯ್ಯಿರಿ. ಅವರ ಪ್ರಶ್ನೆಗಳಿಗೆಲ್ಲ ನೀವೊಬ್ಬರೇ ಉತ್ತರ ಕೊಡುತ್ತ ಕೂರಬೇಕಿಲ್ಲ.